ಪ್ರೈಮರಿ ಮಕ್ಕಳ ಚರ್ಚಾಸ್ಪರ್ಧೆ: ಬಾಯಿಪಾಠ ಬಿಡಿಸಿ ಮಾತಿಗೆ ಮಾತು ಕೊಡಿಸುವುದು ಹೇಗೆ

ಆಗಸ್ಟ್ ಬಂದರೆ ನಮ್ಮ ಶಾಲೆಗಳಲ್ಲಿ ಭಾಷಣದ ಸೀಸನ್ ಶುರು. ಸ್ವಾತಂತ್ರ್ಯ ದಿನ, ಶಿಕ್ಷಕರ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನ, ನಡುವೆ ಎಲ್ಲೋ ಪ್ರತಿಭಾ ಕಾರಂಜಿ. ಈ ಗಡಿಬಿಡಿಯಲ್ಲಿ ಯಾರಾದರೂ ಒಬ್ಬರು "ಈ ಸಲ ಚಿಕ್ಕ ಮಕ್ಕಳಿಗೂ ಒಂದು ಚರ್ಚಾಸ್ಪರ್ಧೆ ಇಟ್ಟುಬಿಡೋಣ" ಅನ್ನುತ್ತಾರೆ. ಇಟ್ಟೂ ಬಿಡುತ್ತೇವೆ. ಆರು ಮಕ್ಕಳು ಸಾಲಾಗಿ ಬರುತ್ತಾರೆ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ಪೂಜ್ಯ ಗುರುವೃಂದವೇ" ಅಂತ ಶುರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆ ಮೂರು ಸಲ ಬರುತ್ತದೆ, ಯಾಕೆಂದರೆ ಮೂವರಿಗೂ ಭಾಷಣ ಬರೆದುಕೊಟ್ಟವರು ಒಬ್ಬರೇ. ಒಂದು ಸಾಲು ಮರೆತುಹೋದರೆ ಮಗು ಸೂರು ನೋಡುತ್ತದೆ, ಮತ್ತೆ ಗಣ್ಯರಿಂದಲೇ ಶುರು ಮಾಡುತ್ತದೆ. ಪರ ಮಾತಾಡಿದವನು ಏನು ಹೇಳಿದ ಅಂತ ವಿರೋಧ ಮಾತಾಡುವವಳಿಗೆ ಗೊತ್ತೇ ಇರುವುದಿಲ್ಲ. ಅವಳು ಕೇಳಿಸಿಕೊಂಡೇ ಇಲ್ಲ. ತನ್ನ ಸರದಿ ಬರುವ ತನಕ ತುಟಿ ಅಲ್ಲಾಡಿಸುತ್ತಾ ತನ್ನದನ್ನೇ ಹೇಳಿಕೊಳ್ಳುತ್ತಾ ಕೂತಿದ್ದಳು.

ಇದು ಕಂಠಪಾಠ. ಕಂಠಪಾಠಕ್ಕೆ ಬೇರೆ ಸ್ಪರ್ಧೆಯೇ ಇದೆ, ಅದನ್ನು ಅಲ್ಲೇ ಮಾಡಿಸಿದರೆ ಸಾಕು.

ನಾನೂ ತುಂಬಾ ವರ್ಷ ಹೀಗೇ ಮಾಡಿಸಿದವಳು. ಹುಟ್ಟಿದ್ದು ಸಾಗರದ ಕಡೆ, ಪಾಠ ಮಾಡಿದ್ದು ತುಮಕೂರು ಜಿಲ್ಲೆಯ ಹಳ್ಳಿಶಾಲೆಗಳಲ್ಲಿ. ರಾತ್ರಿ ಕೂತು ಆರು ಭಾಷಣ ಬರೆದು, ಬೆಳಿಗ್ಗೆ ಹಂಚಿ, "ಎದೆ ಉಬ್ಬಿಸಿ ಹೇಳು, ಕೈ ಎತ್ತಿ ಹೇಳು" ಅಂತ ತಿದ್ದಿ ಕಳಿಸುತ್ತಿದ್ದೆ. ಬಹುಮಾನ ಕೂಡ ಬರುತ್ತಿತ್ತು. ಅದು ನನಗೆ ಬಂದ ಬಹುಮಾನ ಅಂತ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು. ಆಮೇಲೆ ಬದಲಾಯಿಸಿಕೊಂಡೆ. ಈಗ ಮಾಡಿಸುವ ರೀತಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮೂರು ವಾರ ಬೇಕು, ಅದೂ ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಸಾಕು. ಶಾಲೆಯಲ್ಲಿ ಮಾಡುವವರಿಗೂ ಆಗುತ್ತದೆ, ಅಪಾರ್ಟ್‌ಮೆಂಟಲ್ಲಿ ರಾಜ್ಯೋತ್ಸವಕ್ಕೆ ಮಾಡುವವರಿಗೂ ಆಗುತ್ತದೆ.

ಯಾವ ಮಕ್ಕಳು

ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಸ್ಪರ್ಧೆಗೆ ಎಳೆಯಬೇಡಿ. ಅವರು ನಲಿ-ಕಲಿಯಲ್ಲಿ (ಚಿಕ್ಕ ತರಗತಿಗಳಿಗೆ ಆಟ-ಚಟುವಟಿಕೆಯಲ್ಲೇ ಪಾಠ ಕಲಿಸುವ ಪದ್ಧತಿ) ಗುಂಪಾಗಿ ಕೂತು ಬೇಕಾದಷ್ಟು ಮಾತಾಡುತ್ತಾರೆ, ಅಷ್ಟು ಸಾಕು. ಆ ವಯಸ್ಸಿನ ಮಗುವಿಗೆ "ನೀನು ನಂಬದೇ ಇರುವ ಮಾತನ್ನು ಹೇಳು" ಅಂದರೆ ಅದಕ್ಕೆ ಅರ್ಥ ಆಗುವುದಿಲ್ಲ, ಸುಳ್ಳು ಹೇಳಿಸುತ್ತಿದ್ದಾರೆ ಅಂದುಕೊಳ್ಳುತ್ತದೆ. ನಾಲ್ಕು ಮತ್ತು ಐದನೇ ತರಗತಿಗೆ ಒಂದೂವರೆ ನಿಮಿಷ ಕೊಡಿ. ಆರು ಮತ್ತು ಏಳಕ್ಕೆ ಎರಡು ನಿಮಿಷ. ಎರಡು ನಿಮಿಷ ಕಡಿಮೆ ಅನ್ನಿಸಿದರೆ ಒಂದು ಸಲ ನೀವೇ ಗಡಿಯಾರ ಇಟ್ಟುಕೊಂಡು, ಕಾಗದ ನೋಡದೆ, ಹೋಂವರ್ಕ್ ಬಗ್ಗೆ ಎರಡು ನಿಮಿಷ ಮಾತಾಡಿ ನೋಡಿ.

ಪ್ರತಿಭಾ ಕಾರಂಜಿಯಲ್ಲಿ ಚಿಕ್ಕವರಿಗೆ ಕಂಠಪಾಠ, ಕಥೆ ಹೇಳುವುದು, ಆಶುಭಾಷಣ ಅಂತೆಲ್ಲ ಇರುತ್ತವೆ, ಚರ್ಚೆ ಬರುವುದು ದೊಡ್ಡ ಮಕ್ಕಳ ವಿಭಾಗದಲ್ಲಿ. ಒಂದು ಲೆಕ್ಕಕ್ಕೆ ಇದು ನಮಗೆ ಒಳ್ಳೆಯದೇ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಮೇಲೆ ಹೋಗುವ ಒತ್ತಡ ಇಲ್ಲ. ಶಾಲೆಯೊಳಗೆ ನಮ್ಮದೇ ನಿಯಮ ಮಾಡಿಕೊಳ್ಳಬಹುದು. ತಿಂಗಳಿಗೊಂದು ಬ್ಯಾಗ್ ಇಲ್ಲದ ಶನಿವಾರ ಇರುತ್ತದಲ್ಲ, ಅದು ಇದಕ್ಕೆ ಹೇಳಿಮಾಡಿಸಿದ ದಿನ.

ವಿಷಯ ಆರಿಸುವುದೇ ಅರ್ಧ ಕೆಲಸ

"ವಿಜ್ಞಾನ ವರವೋ ಶಾಪವೋ." "ಖಡ್ಗಕ್ಕಿಂತ ಲೇಖನಿ ಹರಿತ." ದಯವಿಟ್ಟು ಇವನ್ನು ಬಿಟ್ಟುಬಿಡಿ. ನಮ್ಮ ಅಪ್ಪಂದಿರ ಕಾಲದಲ್ಲೂ ಇದೇ ಇತ್ತು. ಹತ್ತು ವರ್ಷದ ಮಗು ಖಡ್ಗ ನೋಡಿರುವುದು ನಾಟಕದಲ್ಲಿ, ಅದೂ ರಟ್ಟಿನದು. ವಿಜ್ಞಾನದ ಶಾಪ ಅಂದರೆ ಅಣುಬಾಂಬು ಅಂತ ಯಾರೋ ಬರೆದುಕೊಡಬೇಕು, ಅದು ಒಪ್ಪಿಸಬೇಕು. ವಿಷಯ ದೊಡ್ಡದಾದಷ್ಟೂ ಮಗು ಚಿಕ್ಕದಾಗುತ್ತದೆ.

ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಮಗು ಕಣ್ಣಾರೆ ಕಂಡಿದೆಯಾ? ಎರಡು ಕಡೆಯೂ ನಿಜವಾಗಿ ಹೇಳುವುದಕ್ಕೆ ಏನಾದರೂ ಇದೆಯಾ? ಇದನ್ನು ಮಾತಾಡುವಾಗ ತರಗತಿಯಲ್ಲಿ ಯಾರಾದರೂ ತಲೆ ತಗ್ಗಿಸಬೇಕಾಗುತ್ತದಾ?

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. "ಮೊಟ್ಟೆ ಒಳ್ಳೇದೋ ಬಾಳೆಹಣ್ಣು ಒಳ್ಳೇದೋ" ಅಂತ ಇಟ್ಟರೆ ತಮಾಷೆಯಾಗಿ ಶುರುವಾಗಿ ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಅನ್ನುವಲ್ಲಿಗೆ ಹೋಗುತ್ತದೆ, ಅಲ್ಲಿಂದ ಜಾತಿಗೆ ಎರಡೇ ಹೆಜ್ಜೆ. "ಕುಡಿತದಿಂದ ಮನೆ ಹಾಳು" ಅಂತ ಇಟ್ಟರೆ ಕೊನೇ ಬೆಂಚಿನ ಒಬ್ಬ ಹುಡುಗ ಆ ದಿನ ಶಾಲೆಗೇ ಬರುವುದಿಲ್ಲ. ಅದಕ್ಕೆ ವಿರೋಧ ಮಾತಾಡುವವರೂ ಇಲ್ಲ ಬಿಡಿ. "ಪರಿಸರ ಉಳಿಸಬೇಕು", "ನೀರು ಅಮೂಲ್ಯ" ಇವೂ ಅಷ್ಟೇ, ಎದುರು ಪಕ್ಷವೇ ಇಲ್ಲದ ವಿಷಯಗಳು. ಅವು ಗೋಡೆಬರಹಕ್ಕೆ ಸರಿ.

ಚೆನ್ನಾಗಿ ನಡೆದ ವಿಷಯಗಳು ಇಂಥವು: ಶನಿವಾರ ಹೋಂವರ್ಕ್ ಕೊಡಬಾರದು. ಆಟದ ಪೀರಿಯಡ್ಡನ್ನು ಬೆಳಿಗ್ಗೆಯೇ ಇಡಬೇಕು. ತರಗತಿಯ ಲೀಡರ್ ತಿಂಗಳಿಗೊಮ್ಮೆ ಬದಲಾಗಬೇಕು. ಹುಡುಗರು ಹುಡುಗಿಯರು ಒಂದೇ ಟೀಮಲ್ಲಿ ಖೋ ಖೋ ಆಡಬೇಕು. ಹುಟ್ಟಿದಹಬ್ಬದ ದಿನ ಶಾಲೆಗೆ ಚಾಕ್ಲೇಟ್ ತರಬಾರದು. ನೋಡಿ, ಎಲ್ಲವೂ "ಹೀಗೆ ಮಾಡಬೇಕು" ಅಥವಾ "ಮಾಡಬಾರದು" ಅಂತ ಮುಗಿಯುತ್ತವೆ. ಹಾಗೆ ಬರೆದರೆ ಮಗುವಿಗೆ ಒಂದು ಕೆಲಸ ಕಣ್ಣಿಗೆ ಕಾಣುತ್ತದೆ, ಮಾಡಿದರೆ ಏನಾಗುತ್ತೆ ಬಿಟ್ಟರೆ ಏನಾಗುತ್ತೆ ಅಂತ ಯೋಚನೆ ತಾನಾಗಿ ಓಡುತ್ತದೆ. "ಹೋಂವರ್ಕಿನ ಮಹತ್ವ" ಅಂತ ಬರೆದರೆ ಪ್ರಬಂಧ ಬರುತ್ತದೆ.

ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು "ಶಾಲೆ ಅಂಗಳದ ಹುಣಸೆಮರ ಕಡಿಯಬೇಕು" ಅನ್ನುವ ಚರ್ಚೆ. ಅದರ ಕಥೆ ಮುಂದೆ ಬರುತ್ತದೆ.

ಮೊದಲನೇ ವಾರ: ಕೆರೆ-ದಡ

ಭಾಷಣದ ಮಾತೇ ಎತ್ತಬೇಡಿ. ಅಂಗಳದಲ್ಲಿ ಸುಣ್ಣದ ಪುಡಿಯಲ್ಲೋ ಕಡ್ಡಿಯಲ್ಲೋ ಒಂದು ಗೆರೆ ಎಳೆಯಿರಿ. ಕೆರೆ-ದಡ ಆಟ ಮಕ್ಕಳಿಗೆ ಗೊತ್ತೇ ಇರುತ್ತದೆ. ಅದನ್ನೇ ಸ್ವಲ್ಪ ತಿರುಗಿಸಿ. ನೀವು ಒಂದು ಮಾತು ಹೇಳಿ: "ಬೇಸಿಗೆಗಿಂತ ಮಳೆಗಾಲ ಒಳ್ಳೇದು." ಒಪ್ಪಿದವರು ಕೆರೆಗೆ, ಒಪ್ಪದವರು ದಡಕ್ಕೆ. ಗೆರೆ ಮೇಲೆ ನಿಲ್ಲುವ ಹಾಗಿಲ್ಲ. ಆಮೇಲೆ ಕೆರೆಯಿಂದ ಒಬ್ಬರು ಯಾಕೆ ಅಂತ ಒಂದೇ ವಾಕ್ಯದಲ್ಲಿ ಹೇಳಬೇಕು, ದಡದಿಂದ ಒಬ್ಬರು. ಮಾತು ಕೇಳಿ ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಆ ಕಡೆ ಹಾರಬಹುದು. ಹಾರಿದವರನ್ನು ಯಾರೂ ನಗಬಾರದು, ಇದೊಂದು ಕಟ್ಟುನಿಟ್ಟು.

ಮೊದಲ ದಿನ ಎಲ್ಲರೂ ಗೆಳೆಯರ ಹಿಂದೆ ಹೋಗಿ ನಿಲ್ಲುತ್ತಾರೆ. ಪರವಾಗಿಲ್ಲ. ಮೂರನೇ ದಿನಕ್ಕೆ ಒಬ್ಬಿಬ್ಬರು ಒಂಟಿಯಾಗಿ ನಿಲ್ಲಲು ಶುರು ಮಾಡುತ್ತಾರೆ. ಆ ಮಕ್ಕಳ ಮೇಲೆ ಕಣ್ಣಿಡಿ. ನಿಮ್ಮ ಚರ್ಚಾಪಟುಗಳು ಅವರೇ, ಯಾವಾಗಲೂ ಸ್ವಾಗತ ಭಾಷಣ ಮಾಡುವ ಮಗುವೇ ಆಗಬೇಕು ಅಂತೇನಿಲ್ಲ. ನಮ್ಮಲ್ಲಿ ಪಾಠದಲ್ಲಿ ಬಾಯಿ ಬಿಡದ ಒಬ್ಬಳು ಹುಡುಗಿ ದಡದಲ್ಲಿ ಒಬ್ಬಳೇ ನಿಂತು "ಮಳೆಗಾಲದಲ್ಲಿ ನಮ್ಮಮ್ಮಂಗೆ ಸೌದೆ ಹತ್ತಲ್ಲ, ಹೊಗೆ ಕುಡಿದು ಕೆಮ್ತಾಳೆ" ಅಂದಳು. ಕೆರೆಯಿಂದ ಒಮ್ಮೆಲೇ ಐದಾರು ಮಕ್ಕಳು ಆ ಕಡೆ ಹಾರಿದರು.

ಈ ಆಟದಲ್ಲಿ ಮಕ್ಕಳಿಗೆ ಎರಡು ವಿಷಯ ತಾನಾಗಿ ಗೊತ್ತಾಗುತ್ತದೆ. ಕಾರಣ ಕೇಳಿದರೆ ಹೇಳಬೇಕು ಅನ್ನುವುದು ಒಂದು. ಮನಸ್ಸು ಬದಲಾಯಿಸಿದರೆ ಸೋತಂತಲ್ಲ ಅನ್ನುವುದು ಇನ್ನೊಂದು. ದೊಡ್ಡವರಿಗೂ ಆಡಿಸಬಹುದು ಅನ್ನಿಸುತ್ತದೆ ಒಮ್ಮೊಮ್ಮೆ.

ಎರಡನೇ ವಾರ: ವಿಷಯ ಅಗೆಯುವುದು

ವಿಷಯ ಕೊಟ್ಟ ದಿನ ಯಾರು ಪರ ಯಾರು ವಿರೋಧ ಅಂತ ಹೇಳಬೇಡಿ. ಹೇಳಿದ ಕೂಡಲೇ ಮಗು ಆ ಕಡೆಯದನ್ನು ಮಾತ್ರ ಹುಡುಕುತ್ತದೆ. ಮೊದಲು ಎಲ್ಲರೂ ಎರಡೂ ಕಡೆ ಹುಡುಕಲಿ.

ಹುಡುಕುವುದು ಅಂದರೆ ಮೊಬೈಲಲ್ಲಿ ಅಲ್ಲ. ಯೂಟ್ಯೂಬಿನಲ್ಲಿ ಸಿಗುವ ಚರ್ಚಾಭಾಷಣಗಳನ್ನು ಮಗು ಹಾಗೆಯೇ ಎತ್ತಿಕೊಂಡು ಬರುತ್ತದೆ, "ಇಂದಿನ ಆಧುನಿಕ ಯುಗದಲ್ಲಿ" ಅಂತ. ಹುಣಸೆಮರದ ಚರ್ಚೆಗೆ ನಾನು ಮಕ್ಕಳಿಗೆ ಕೊಟ್ಟ ಕೆಲಸ ಇಷ್ಟೇ: ಐದು ಜನರನ್ನು ಕೇಳಿಕೊಂಡು ಬನ್ನಿ. ಅಡುಗೆಯವರು, ಮನೆಯಲ್ಲಿರುವ ಅಜ್ಜಿ ಅಥವಾ ತಾತ, ಹೆಡ್ ಮೇಷ್ಟ್ರು, ಒಂದನೇ ತರಗತಿಯ ಒಂದು ಮಗು, ಎಸ್‌ಡಿಎಂಸಿಯ (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ) ಯಾರಾದರೂ ಒಬ್ಬರು. ಒಬ್ಬೊಬ್ಬರದು ಒಂದೊಂದು ಸಾಲು ಬರೆದುಕೊಂಡು ಬನ್ನಿ.

ಮಾರನೇ ದಿನ ಬೋರ್ಡಿಗೆ ನಡುವೆ ಒಂದು ಗೆರೆ ಎಳೆದು ತುಂಬಿಸಿದೆವು. ಕಡಿಯಬೇಕು ಅನ್ನುವ ಕಡೆ: ಕೊಂಬೆ ಬಿದ್ದು ಹೆಂಚು ಒಡೆದಿದೆ, ಮಳೆ ಬಂದರೆ ನಾಲ್ಕನೇ ತರಗತಿ ಸೋರುತ್ತದೆ. ಕೋತಿಗಳು ಬರುತ್ತವೆ. ಎಲೆ ಉದುರಿ ದಿನಾ ಎರಡು ಸಲ ಗುಡಿಸಬೇಕು, ಗುಡಿಸುವವರು ಹುಡುಗಿಯರೇ. (ಈ ಕೊನೆಯದನ್ನು ಓದಿದಾಗ ನಾನು ಸುಮ್ನೆ ನಿಂತುಬಿಟ್ಟೆ. ಅದು ಹುಣಸೆಮರದ ತಪ್ಪಲ್ಲ, ನಮ್ಮದು.) ಬೇಡ ಅನ್ನುವ ಕಡೆ: ಬೇಸಿಗೆಯಲ್ಲಿ ಅಲ್ಲೇ ಊಟ. ಹಣ್ಣು ಹರಾಜು ಹಾಕಿದರೆ ದುಡ್ಡು. ಚಿಗುರು ತಿನ್ನುವುದಕ್ಕೆ ಚೆನ್ನಾಗಿರುತ್ತದೆ. ಅಜ್ಜಿ ಈ ಶಾಲೆಗೆ ಬರುವಾಗಲೂ ಮರ ಇತ್ತಂತೆ. ಒಂದನೇ ತರಗತಿಯ ಮಗು ಹೇಳಿದ್ದು ಮಾತ್ರ ಯಾವ ಕಡೆ ಹಾಕಬೇಕು ಅಂತ ತಿಳಿಯಲಿಲ್ಲ: "ಮರದಲ್ಲಿ ದೆವ್ವ ಐತೆ." ಕಡಿಯಬೇಕು ಕಡೆಗೇ ಬರೆದೆವು.

ಇಷ್ಟು ಬೋರ್ಡಿನ ಮೇಲೆ ಬಂದ ಮೇಲೆ ಯಾರಿಗೂ ಭಾಷಣ ಬರೆದುಕೊಡುವ ಅಗತ್ಯ ಇರಲಿಲ್ಲ.

ಈಗ ಒಂದೊಂದು ಮಾತನ್ನೂ ಕಟ್ಟುವುದು ಕಲಿಸಬೇಕು. ಮೂರು ಮೆಟ್ಟಿಲು ಅಂತ ಹೇಳಿಕೊಡುತ್ತೇನೆ. ಮೊದಲು ಮಾತು. ಆಮೇಲೆ "ಯಾಕೆಂದರೆ". ಆಮೇಲೆ "ನಾನು ನೋಡಿದ್ದು". ಉದಾಹರಣೆಗೆ: ಮರ ಕಡಿಯಬೇಕು. ಯಾಕೆಂದರೆ ಒಣಕೊಂಬೆ ಮಕ್ಕಳ ಮೇಲೆ ಬೀಳಬಹುದು. ನಾನು ನೋಡಿದ್ದು, ಹೋದ ಸಲ ಗಾಳಿ ಬಂದಾಗ ಒಂದು ಕೊಂಬೆ ಬಿದ್ದು ನಮ್ಮ ಕ್ಲಾಸಿನ ನಾಲ್ಕು ಹೆಂಚು ಒಡೆಯಿತು. ಅಷ್ಟೇ. ಮಕ್ಕಳು ಸಾಮಾನ್ಯವಾಗಿ ಎರಡನೇ ಮೆಟ್ಟಿಲು ಹಾರಿಸುತ್ತಾರೆ, ದೊಡ್ಡವರು ಮೂರನೆಯದನ್ನು. ಎರಡು ನಿಮಿಷಕ್ಕೆ ಇಂಥ ಎರಡು ಮಾತು ಸಾಕು, ಮೂರು ಜಾಸ್ತಿ.

ಬರೆಯುವುದು ಬೇಡವೇ ಅಂತ ಕೇಳಬಹುದು. ಬರೆಯಲಿ, ಆದರೆ ಅಂಗೈ ಅಗಲದ ಚೀಟಿಯಲ್ಲಿ, ಐದೇ ಪದ. "ಹೆಂಚು. ಗಾಳಿ. ಕೋತಿ. ಗುಡಿಸೋದು. ಬೇರೆ ಗಿಡ." ಪೂರ್ತಿ ವಾಕ್ಯ ಬರೆದರೆ ಮಗು ವಾಕ್ಯವನ್ನೇ ಬಾಯಿಪಾಠ ಮಾಡುತ್ತದೆ, ಪದ ಬರೆದರೆ ವಾಕ್ಯವನ್ನು ಅಲ್ಲೇ ಕಟ್ಟಲೇಬೇಕು. ಮೊದಲ ಎರಡು ದಿನ ತಡವರಿಸುತ್ತದೆ. ತಡವರಿಸಲಿ ಬಿಡಿ. ಬಾಯಿಪಾಠದವನು ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತಾನೆ. ಚೀಟಿ ಹಿಡಿದವನು ತಡವರಿಸಿಕೊಂಡಾದರೂ ಮುಂದೆ ಹೋಗುತ್ತಾನೆ.

ವಾರದ ಕೊನೆಗೆ ಕಡೆ ಬದಲಿಸಿ ಆಡಿಸಿ. ಇವತ್ತು ಪರ ಮಾತಾಡಿದವರು ನಾಳೆ ವಿರೋಧ. "ಮಿಸ್, ನಿನ್ನೆ ನಾನೇ ಬೇಡ ಅಂದಿದ್ದೆ, ಇವತ್ತು ಬೇಕು ಅಂತ ಹೇಗೆ ಹೇಳಲಿ" ಅಂತ ಒಬ್ಬರಾದರೂ ಕೇಳುತ್ತಾರೆ. ನಾನು ಹೇಳುವುದು: ಕಬಡ್ಡಿಯಲ್ಲಿ ಅರ್ಧ ಆಟ ಆದಮೇಲೆ ಕಡೆ ಬದಲಿಸುತ್ತೀರಲ್ಲ, ಹಾಗೆ.

ಮೂರನೇ ವಾರ: ಉತ್ತರ ಕೊಡುವುದು

ಈ ವಾರವನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡಬೇಡಿ. ಸಮಯ ಕಡಿಮೆ ಇದ್ದರೆ ಮೊದಲ ಎರಡು ವಾರ ಮೊಟಕು ಮಾಡಿ, ಇದನ್ನಲ್ಲ.

ನಮ್ಮೂರ ಕಡೆ ತಾಳಮದ್ದಳೆ ಆಗುತ್ತಿತ್ತು, ಯಕ್ಷಗಾನದ್ದೇ ಇನ್ನೊಂದು ರೂಪ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು, ಅಂದರೆ ಒಂದೊಂದು ಪಾತ್ರದ ಮಾತು ಹೇಳುವವರು, ಮಾತಾಡುತ್ತಾರೆ. ಆ ಮಾತು ಎಲ್ಲೂ ಬರೆದಿಟ್ಟದ್ದಲ್ಲ. ವಾಲಿ ಬಾಣ ತಾಗಿ ಬಿದ್ದುಕೊಂಡು, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುತ್ತಾನೆ. ವಾಲಿಯ ಅರ್ಥ ಹೇಳುವವರು ಹೇಗೆ ಕೇಳಿದರೋ ಅದಕ್ಕೆ ಸರಿಯಾಗಿ ರಾಮನ ಅರ್ಥ ಹೇಳುವವರು ಅಲ್ಲೇ ಉತ್ತರ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳುವುದಕ್ಕೆ ಜನ ರಾತ್ರಿ ನಿದ್ದೆಗೆಟ್ಟು ಕೂರುತ್ತಿದ್ದುದು ಇದಕ್ಕೇ. ಕಥೆ ಎಲ್ಲರಿಗೂ ಗೊತ್ತು, ಇವತ್ತು ಇವರು ಏನು ಉತ್ತರ ಕೊಡುತ್ತಾರೆ ಅನ್ನುವುದು ಗೊತ್ತಿಲ್ಲ. ಒಬ್ಬ ಅರ್ಥಧಾರಿ ಎದುರಿನವರ ಮಾತು ಕೇಳದೆ ತನ್ನ ಪಾಡಿಗೆ ಹೇಳಿಕೊಂಡು ಹೋದರೆ ನಮ್ಮ ಮಾವ ಎದ್ದು ಎಲೆ ಅಡಿಕೆ ಹಾಕಲು ಹೊರಗೆ ಹೋಗುತ್ತಿದ್ದರು.

ಮಕ್ಕಳಿಗೆ ಇದನ್ನು ಕಲಿಸಲು ನನ್ನಲ್ಲಿರುವುದು ಒಂದೇ ನಿಯಮ. ಎದುರಿನವರ ಮಾತನ್ನು ನಿನ್ನ ಬಾಯಲ್ಲಿ ಒಮ್ಮೆ ಹೇಳು. ಅವರು "ಹೌದು, ನಾನು ಹೇಳಿದ್ದು ಅದೇ" ಅಂತ ತಲೆ ಆಡಿಸಿದ ಮೇಲೆ ಮಾತ್ರ ಉತ್ತರ ಕೊಡು. ತಲೆ ಆಡಿಸದಿದ್ದರೆ ಮತ್ತೆ ಹೇಳು.

ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಮಾಡಿಸಿ. ಶುರುವಿನಲ್ಲಿ ಫಜೀತಿ. "ಅವನು ಹೇಳಿದ್ದು... ಮಿಸ್ ಅವನು ಏನೋ ಹೇಳಿದ, ಮರ್ತೋಯ್ತು." ಅದೇ ಬೇಕಾಗಿದ್ದು, ತಾನು ಕೇಳಿಸಿಕೊಂಡಿಲ್ಲ ಅಂತ ಮಗುವಿಗೇ ಗೊತ್ತಾಯಿತು. ನಾಲ್ಕೈದು ದಿನಕ್ಕೆ ಕಿವಿ ತೆರೆಯುತ್ತದೆ.

ಉತ್ತರ ಕೊಡುವ ದಾರಿಗಳನ್ನೂ ತೋರಿಸಬೇಕು, ಇಲ್ಲದಿದ್ದರೆ "ಅದು ಸುಳ್ಳು" ಅಂತ ಒಂದೇ ಮಾತು ಬರುತ್ತದೆ. "ನೀನು ಹೇಳಿದ್ದು ನಿಜ, ಆದರೆ ಅದಕ್ಕೆ ಬೇರೆ ಉಪಾಯ ಇದೆ" ಅನ್ನಬಹುದು. "ನೀನು ಹೇಳಿದ್ದು ಒಮ್ಮೊಮ್ಮೆ ಆಗುತ್ತೆ, ಯಾವಾಗಲೂ ಆಗಲ್ಲ" ಅನ್ನಬಹುದು. "ನೀನು ಹೇಳಿದಂತೆ ಮಾಡಿದರೆ ಇನ್ನೊಂದು ತೊಂದರೆ ಬರುತ್ತೆ" ಅನ್ನಬಹುದು. ಈ ಮೂರು ಸಾಲನ್ನು ಚಾರ್ಟ್ ಪೇಪರಿನಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಮಕ್ಕಳು ಅಂಗಳದ ಜಗಳದಲ್ಲೂ ಬಳಸಲು ಶುರು ಮಾಡುತ್ತಾರೆ. ನಮ್ಮ ಕ್ಲಾಸಿನಲ್ಲಿ ಪೆನ್ಸಿಲ್ ಕಳ್ಳತನದ ಒಂದು ವಿಚಾರಣೆ ಪೂರ್ತಿ ಇದೇ ಭಾಷೆಯಲ್ಲಿ ನಡೆಯಿತು.

ಈಗ ಆ ದೆವ್ವದ ವಿಷಯ. ಸ್ಪರ್ಧೆಯ ದಿನ ಆರನೇ ತರಗತಿಯ ಹುಡುಗ, ಕಡಿಯಬೇಕು ಅನ್ನುವ ಕಡೆಯವನು, ಕೊನೆಯ ಅಸ್ತ್ರದಂತೆ ಅದನ್ನೇ ಬಿಟ್ಟ. "ಹುಣಸೆಮರದಲ್ಲಿ ದೆವ್ವ ಇರುತ್ತೆ ಅಂತ ಊರಲ್ಲೆಲ್ಲ ಹೇಳ್ತಾರೆ. ಚಿಕ್ಕ ಮಕ್ಕಳು ಹೆದರ್ತಾರೆ. ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಒಬ್ಬರೂ ಆ ಕಡೆ ಹೋಗಲ್ಲ." ಸಭೆಯಲ್ಲಿ ನಗು. ನಾನು ಎದುರು ಕಡೆಯ ಹುಡುಗಿ "ದೆವ್ವ ಎಲ್ಲ ಮೂಢನಂಬಿಕೆ" ಅನ್ನುತ್ತಾಳೆ ಅಂತ ಕಾಯುತ್ತಿದ್ದೆ, ಪಾಠದಲ್ಲಿ ಹಾಗೇ ಹೇಳಿಕೊಟ್ಟಿದ್ದೆವಲ್ಲ. ಅವಳು ಚೀಟಿ ಕೆಳಗಿಟ್ಟಳು. "ನನ್ನ ಗೆಳೆಯ ಹೇಳಿದ್ದು, ಮರದಲ್ಲಿ ದೆವ್ವ ಇದೆ, ಮಕ್ಕಳು ಹೆದರ್ತಾರೆ ಅಂತ." ಅವನ ಕಡೆ ನೋಡಿದಳು. ಅವನು ತಲೆ ಆಡಿಸಿದ. "ನಮ್ಮಜ್ಜಿ ಓದುವಾಗಿಂದ ಆ ಮರ ಐತೆ. ನಾವು ದಿನಾ ಅದರ ಕೆಳಗೇ ಊಟ ಮಾಡ್ತೀವಿ. ಇಷ್ಟು ವರ್ಷ ಯಾರಿಗೂ ಏನೂ ಮಾಡಿಲ್ಲ ಅಂದ್ರೆ, ದೆವ್ವ ಇದ್ರೂ ಅದು ಒಳ್ಳೇ ದೆವ್ವ. ಮರ ಕಡಿದ್ರೆ ಅದು ಎಲ್ಲಿಗೆ ಹೋಗುತ್ತೆ? ಕ್ಲಾಸ್ ರೂಮಿಗೇ ಬರುತ್ತೆ."

ಹುಡುಗನೇ ಚಪ್ಪಾಳೆ ಹೊಡೆದ. ಆಮೇಲೆ ಅವನ ಟೀಮಿನವರು ಅವನ ಕೈ ಹಿಡಿದು ಇಳಿಸಿದರು.

ಆ ಉತ್ತರವನ್ನು ನಾನು ಬರೆದುಕೊಡಲು ಸಾಧ್ಯವೇ ಇರಲಿಲ್ಲ. ನನಗೆ ಅದು ಹೊಳೆಯುತ್ತಲೂ ಇರಲಿಲ್ಲ.

ಸ್ಪರ್ಧೆಯ ದಿನ

ಪರ ಮೂವರು, ವಿರೋಧ ಮೂವರು. ಯಾವ ಕಡೆ ಅಂತ ಹಿಂದಿನ ದಿನ ಚೀಟಿ ಎತ್ತಿಸಿ, ಅಲ್ಲೇ ಅರ್ಧ ಗಂಟೆ ಮೊದಲು ಎತ್ತಿಸುವುದು ಹೈಸ್ಕೂಲಿಗೆ ಸರಿ, ಇವರಿಗೆ ಹೊಟ್ಟೆನೋವು ಬರುತ್ತದೆ. ಒಬ್ಬ ಪರ, ಒಬ್ಬ ವಿರೋಧ, ಹೀಗೆ ಸರದಿ. ಆರು ಜನಕ್ಕೆ ಎರಡೆರಡು ನಿಮಿಷ ಅಂದರೆ ಹನ್ನೆರಡು. ಆಮೇಲೆ ಐದು ನಿಮಿಷ ಬಿಡುವು ಕೊಡಿ, ಎರಡೂ ಟೀಮು ಮೂಲೆಯಲ್ಲಿ ಕೂತು ಏನು ಉತ್ತರ ಕೊಡಬೇಕು ಅಂತ ಪಿಸುಗುಟ್ಟಲಿ. ಆಮೇಲೆ ಒಂದೊಂದು ಕಡೆಯಿಂದ ಒಬ್ಬರು, ಒಂದೂವರೆ ನಿಮಿಷ, ಬರೀ ಉತ್ತರ. ಹೊಸ ಮಾತು ತರುವ ಹಾಗಿಲ್ಲ. ಕೊನೆಗೆ ಐದು ನಿಮಿಷ ಕೂತವರ ಪ್ರಶ್ನೆ. ಒಟ್ಟು ಇಪ್ಪತ್ತೈದು ನಿಮಿಷ, ಕೂರಿಸುವುದು ಎಬ್ಬಿಸುವುದು ಸೇರಿ ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ.

"ಗಣ್ಯರೇ, ಗುರುವೃಂದವೇ" ತೆಗೆದುಹಾಕಿ. "ಎಲ್ಲರಿಗೂ ನಮಸ್ಕಾರ, ನಾನು ಮರ ಕಡಿಯಬಾರದು ಅಂತ ಹೇಳ್ತೀನಿ" ಅಂತ ಶುರು ಮಾಡಲಿ. ಇದರಿಂದಲೇ ಹದಿನೈದು ಸೆಕೆಂಡ್ ಉಳಿಯುತ್ತದೆ.

ಮೈಕ್ ಬೇಡ. ಬೇಕೇ ಬೇಕು ಅಂದರೆ ಹಿಂದಿನ ದಿನ ಪ್ರತಿ ಮಗುವೂ ಒಂದು ಸಲ ಅದರಲ್ಲಿ ತನ್ನ ಹೆಸರು ಹೇಳಿ ನೋಡಿರಲಿ, ತನ್ನ ಧ್ವನಿ ಮೊದಲ ಸಲ ಮೈಕಲ್ಲಿ ಕೇಳಿ ಬೆಚ್ಚಿಬಿದ್ದ ಮಕ್ಕಳನ್ನು ನೋಡಿದ್ದೇನೆ. ವೇದಿಕೆಯೂ ಬೇಡ. ಎರಡು ಟೀಮನ್ನು ಸ್ವಲ್ಪ ಓರೆಯಾಗಿ ಎದುರುಬದುರು ಕೂರಿಸಿ, ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ಗಂಟೆ ಹೊಡೆಯುವ ಕೆಲಸ, ಗಡಿಯಾರ ನೋಡುವ ಕೆಲಸ ಮಕ್ಕಳಿಗೇ ಕೊಡಿ. ಉಗ್ಗು ಇರುವ, ಅಥವಾ ನಾಚಿಕೆಯ ಮಕ್ಕಳನ್ನು ಬರೀ ಗಂಟೆಗೆ ಕೂರಿಸಿ ಕೈತೊಳೆದುಕೊಳ್ಳಬೇಡಿ. ಸಭೆಯಿಂದ ಒಂದು ಪ್ರಶ್ನೆ ಕೇಳುವುದು ಅವರ ಪಾಲಿಗೆ ಇರಲಿ, ಉಗ್ಗಿದರೆ ಗಡಿಯಾರ ನಿಲ್ಲುತ್ತದೆ ಅಂತ ಮೊದಲೇ ಹೇಳಿರಿ.

ತೀರ್ಪು

ತೀರ್ಪುಗಾರರು ಮೂವರು. ಅವರಲ್ಲಿ ಒಬ್ಬರು ಹೊರಗಿನವರಾದರೆ ಚೆನ್ನ: ಅಂಗನವಾಡಿ ಟೀಚರ್, ಲೈಬ್ರರಿಯನ್, ಹಳೆಯ ವಿದ್ಯಾರ್ಥಿ. ಸ್ಪರ್ಧೆಯಲ್ಲಿರುವ ಮಗುವಿನ ಅಪ್ಪ ಅಮ್ಮ ಆಗಬಾರದು, ಇದನ್ನು ಬೇರೆ ಹೇಳಬೇಕಾ ಅಂದರೆ ಹೇಳಬೇಕು.

ಅಂಕ ಇಪ್ಪತ್ತೈದು. ನಾನು ಹಂಚುವುದು ಹೀಗೆ: ಕಾರಣ ಹೇಳಿದ್ದಕ್ಕೆ 6, ಕಂಡದ್ದನ್ನು ಉದಾಹರಣೆಯಾಗಿ ಕೊಟ್ಟಿದ್ದಕ್ಕೆ 5, ಎದುರಿನವರ ಮಾತಿಗೆ ಉತ್ತರ ಕೊಟ್ಟಿದ್ದಕ್ಕೆ 8, ಎಲ್ಲರಿಗೂ ಕೇಳುವಂತೆ ಹೇಳಿದ್ದಕ್ಕೆ 3, ಸಮಯ ಮತ್ತು ಮರ್ಯಾದೆಗೆ 3. ಉತ್ತರಕ್ಕೆ ಎಲ್ಲಕ್ಕಿಂತ ಜಾಸ್ತಿ ಅಂಕ ಅಂತ ಮೊದಲ ದಿನವೇ ಮಕ್ಕಳಿಗೆ ಗೊತ್ತಿರಲಿ. ಅಂಕ ಎಲ್ಲಿದೆಯೋ ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಅವರ ಅಮ್ಮಂದಿರು ಇನ್ನೂ ಬೇಗ ಹೋಗುತ್ತಾರೆ. ಮೊದಲು ಮಾತಾಡುವ ಮಗುವಿಗೆ ಉತ್ತರ ಕೊಡಲು ಏನೂ ಇರುವುದಿಲ್ಲ, ಹಾಗಾಗಿ ಸಭೆಯ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಆ ಮಗುವೇ ಉತ್ತರ ಕೊಡಲಿ, ಆ 8 ಅಲ್ಲಿ ಹಾಕಿ.

ಭಾಷೆಯ ಬಗ್ಗೆ ತೀರ್ಪುಗಾರರಿಗೆ ಮೊದಲೇ ಹೇಳಿ. "ಐತೆ" ಅಂದಿದ್ದಕ್ಕೆ, ಹಕಾರ ಬಿಟ್ಟಿದ್ದಕ್ಕೆ, "ಹೋಗ್ಯಾನ" ಅಂದಿದ್ದಕ್ಕೆ ಅಂಕ ಕಳೆಯುವ ಹಾಗಿಲ್ಲ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಗು ಕನ್ನಡದಲ್ಲಿ ವಾದ ಮಾಡುತ್ತಿದೆ ಅಂದರೆ ಅದು ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ. ಪದ ಸಿಗದೆ ಇಂಗ್ಲಿಷ್ ಪದ ಹಾಕಿದರೂ ಸರಿ. ಒಮ್ಮೆ ಒಬ್ಬ ತೀರ್ಪುಗಾರರು ಒಂದು ಹುಡುಗಿಯ ಮಾತೆಲ್ಲ ಮುಗಿದ ಮೇಲೆ, ಸಭೆಯ ಎದುರೇ, ಅವಳ ಉಚ್ಚಾರ ತಿದ್ದಿದರು. ಅವಳು ಏನು ಹೇಳಿದ್ದಳು ಅಂತ ಆಮೇಲೆ ಯಾರಿಗೂ ನೆನಪಿರಲಿಲ್ಲ. ಮುಂದಿನ ವರ್ಷ ಅವಳು ಹೆಸರು ಕೊಡಲಿಲ್ಲ.

ತೀರ್ಪು ಹೇಳುವಾಗ ಬರೀ ಹೆಸರು ಓದಬೇಡಿ. ಆರೂ ಮಕ್ಕಳಿಗೆ ಅವರು ಹೇಳಿದ ಒಂದೊಂದು ಮಾತನ್ನು ನೆನಪಿಸಿ: "ನೀನು ಗುಡಿಸುವವರು ಹುಡುಗಿಯರೇ ಯಾಕೆ ಅಂತ ಕೇಳಿದೆಯಲ್ಲ, ಅದು ನನಗೆ ಹಿಡಿಸಿತು." ಬಹುಮಾನ ಅಂದರೆ ನಮ್ಮಲ್ಲಿ ಸ್ಟೀಲ್ ತಟ್ಟೆ, ಇಲ್ಲವೇ ಲೋಟ. ಇರಲಿ. ಆರು ಲೋಟ ತನ್ನಿ, ಆರು ಜನಕ್ಕೂ ಕೊಡಿ. ಒಂದು ದೊಡ್ಡ ತಟ್ಟೆ ತಂದು ಐವರನ್ನು ಅಳಿಸುವುದಕ್ಕಿಂತ ಖರ್ಚು ಅಷ್ಟೇನೂ ಹೆಚ್ಚಾಗುವುದಿಲ್ಲ.

ಮನೆಯವರಿಗೆ ಎರಡು ಮಾತು

ವಾಟ್ಸಾಪ್ ಗ್ರೂಪಿಗೆ ವಿಷಯ ಹಾಕಿದ ಹತ್ತು ನಿಮಿಷಕ್ಕೆ "ಮಿಸ್, ಭಾಷಣ ಬರೆದು ಕಳಿಸಿ" ಅಂತ ಬರುತ್ತದೆ. ಕಳಿಸಬೇಡಿ. ಬದಲಿಗೆ ಅಪ್ಪ ಅಮ್ಮನಿಗೆ ಒಂದು ಕೆಲಸ ಕೊಡಿ: ರಾತ್ರಿ ಊಟದ ಹೊತ್ತಿಗೆ ಮಗುವಿನ ಎದುರು ಕಡೆ ನಿಂತು ವಾದ ಮಾಡಿ. ಬೇಕಂತಲೇ ಸೋಲಬೇಡಿ, ಬೇಕಂತಲೇ ಬಾಯಿ ಮುಚ್ಚಿಸಲೂ ಬೇಡಿ. "ಎದುರು ಮಾತಾಡ್ತೀಯಾ?" ಅಂತ ಮನೆಯಲ್ಲಿ ದಿನಾ ಗದರಿಸಿಕೊಳ್ಳುವ ಮಗುವಿಗೆ ಶಾಲೆಯಲ್ಲಿ ಎದುರು ಮಾತಾಡು ಅಂದರೆ ಅದು ನಮ್ಮ ಮುಖ ನೋಡುತ್ತದೆ. ಒಂದು ವಾರ ಊಟದ ಹೊತ್ತಿಗೆ ಮಾತ್ರ ಆ ನಿಯಮ ಸಡಿಲಿಸಿ, ಅಷ್ಟು ಕೇಳಿಕೊಳ್ಳುತ್ತೇನೆ. ಕೆಲವರು ಆಮೇಲೆ ಬಂದು "ಮಿಸ್, ಈಗ ಎಲ್ಲದಕ್ಕೂ ಯಾಕೆ ಅಂತಾನೆ" ಅಂತ ದೂರು ಹೇಳಿದ್ದಾರೆ. ಅದಕ್ಕೆ ನನ್ನಲ್ಲಿ ಪರಿಹಾರ ಇಲ್ಲ.

ಮುಗಿದ ಮೇಲೆ

ಚರ್ಚೆಯಲ್ಲಿ ಬಂದ ಒಂದು ಮಾತಾದರೂ ಜಾರಿಗೆ ಬರಬೇಕು. ಇಲ್ಲದಿದ್ದರೆ ಇದೂ ಒಂದು ನಾಟಕ ಅಂತ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ನಮ್ಮ ಮರ ಉಳಿಯಿತು, ಒಣಕೊಂಬೆಗಳನ್ನು ಮಾತ್ರ ಕಡಿಸಿದರು. ಗುಡಿಸುವ ಪಟ್ಟಿಯಲ್ಲಿ ಹುಡುಗರ ಹೆಸರೂ ಸೇರಿತು, ಅದಕ್ಕೆ ಸ್ವಲ್ಪ ಗೊಣಗಾಟ ಆಯಿತು. ಹೆಂಚಿನ ವಿಷಯ ಶಾಲೆಯ ಕೈಯಲ್ಲಿ ಇರಲಿಲ್ಲ, ಹಾಗಾಗಿ ಮಕ್ಕಳ ಗ್ರಾಮಸಭೆ ನಡೆದಾಗ ಇಬ್ಬರು ಮಕ್ಕಳು ಅಲ್ಲಿ ಎದ್ದು ನಿಂತು ಕೇಳಿದರು. ಮಾತು, ಯಾಕೆಂದರೆ, ನಾನು ನೋಡಿದ್ದು. ಅದೇ ಮೂರು ಮೆಟ್ಟಿಲು. ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಯಾವಾಗ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ವಿಚಾರಿಸಿ, ಅದಕ್ಕೆ ಒಂದು ತಿಂಗಳ ಮೊದಲು ಚರ್ಚೆ ಇಟ್ಟುಕೊಂಡರೆ ಎರಡಕ್ಕೂ ಅನುಕೂಲ.

ಮುಂದಿನ ವಿಷಯ ಏನಿರಲಿ ಅಂತ ಮಕ್ಕಳನ್ನೇ ಕೇಳಿ. ಒಂದು ಹಳೆಯ ಚಾಕ್‌ಪೀಸ್ ಡಬ್ಬಿಗೆ ತೂತು ಮಾಡಿ ಬಾಗಿಲ ಹತ್ತಿರ ಇಟ್ಟರೆ ಆಯಿತು, ಹೆಸರು ಬರೆಯುವುದು ಬೇಡ ಅನ್ನಿ. ನಮ್ಮಲ್ಲಿ ಮೊದಲ ಸಲ ಡಬ್ಬಿ ತೆಗೆದಾಗ ಹನ್ನೊಂದು ಚೀಟಿ ಇದ್ದವು, ಅದರಲ್ಲಿ ನಾಲ್ಕರಲ್ಲಿ ಒಂದೇ ವಿಷಯ: "ಪಾಠ ಮಾಡುವಾಗ ಮಿಸ್‌ಗಳು ಮೊಬೈಲ್ ನೋಡಬಾರದು." ಅದನ್ನೇ ಇಟ್ಟೆವು. ವಿರೋಧ ಮಾತಾಡಲು ಒಬ್ಬರೂ ಹೆಸರು ಕೊಡಲಿಲ್ಲವಾದ್ದರಿಂದ ಆ ಕಡೆಗೆ ನಾನೇ ನಿಲ್ಲಬೇಕಾಯಿತು, ಅಂಗೈ ಅಗಲದ ಚೀಟಿ ಹಿಡಿದುಕೊಂಡು. ಇಪ್ಪತ್ತೈದಕ್ಕೆ ಹನ್ನೊಂದು ಬಂತು.